ಕಾಯಿ ಹಣ್ಣಾಗದ ಆಟ

ಓದುಗರ ಪತ್ರ: ಮಾನ್ಯ ಸಂಪಾದಕರಿಗೆ, ನಮ್ಮ ಹುಡುಗ ಹತ್ತನೇ ಕ್ಲಾಸು. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕರೆದರೆ "ಒಂದೇ ಮ್ಯಾಚು, ಬಂದೆ" ಅಂತಾನೆ. ಹತ್ತೂವರೆಗೂ ಅದೇ ಮಾತು. ಹೋದ ವಾರ ತಡೆಯಲಾರದೆ ಆಟದ ಮಧ್ಯೆ ವೈಫೈ ಆರಿಸಿದೆ. ಎಂದೂ ಎದುರು ಮಾತಾಡದವನು ತಟ್ಟೆ ತಳ್ಳಿ ಎದ್ದು ಹೋದ. ನಮ್ಮ ಕಾಲದಲ್ಲೂ ಆಟ ಇತ್ತು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದೆವು. ಈಗಿನ ಮಕ್ಕಳಿಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ಲ. ಸರ್ಕಾರ ಈ ಆಟಗಳನ್ನೆಲ್ಲ ಒಂದೇ ಸಲ ಏಕೆ ನಿಷೇಧಿಸಬಾರದು? ಅಲ್ಲಿಯವರೆಗೆ ಅವನ ಅಕೌಂಟನ್ನೇ ಅಳಿಸಿಹಾಕಲೇ? (ಹೆಸರು ಬೇಡ), ಮಂಡ್ಯ.

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಸಂಕಟ ನಿಜ. ನಿಷೇಧದ ಮಾತಿನಲ್ಲೂ ಹುರುಳಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಇಷ್ಟು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲೇ ಬೇರೆ: "ನಮ್ಮ ಕಾಲದಲ್ಲೂ ಆಟ ಇತ್ತು." ಇತ್ತು, ಮತ್ತು ಮುಗಿಯುತ್ತಿತ್ತು. ಮುಗಿಯುವ ಆಟ ಆಡಿ ಬೆಳೆದವರು, ಮುಗಿಯದ ಆಟದ ಮುಂದೆ ಕೂತ ಹುಡುಗನಿಗೆ ಹಿಡಿತವಿಲ್ಲ ಅಂತ ಬೈಯುವುದು ಎಷ್ಟು ಸರಿ?

ಚೌಕಾಬಾರ ನೆನಪು ಮಾಡಿಕೊಳ್ಳಿ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ, ಆಡುವವರಿಗೆ ನಾಲ್ಕು ನಾಲ್ಕು ಕಾಯಿ. ಹುಣಸೆಬೀಜ, ಬಳೆಚೂರು, ಏನು ಸಿಕ್ಕರೆ ಅದು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಎರಡಕ್ಕೂ ಇನ್ನೊಂದು ಸಲ ಕವಡೆ ಬಿಡುವ ಹಕ್ಕು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16ರಲ್ಲಿ 2 ಸಲ, ಅಂದರೆ ಸರಾಸರಿ 8ಕ್ಕೊಂದು ಸಲ ಈ ಬೋನಸ್ಸು. ಯಾವ ಸಲ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಇವತ್ತಿನ ಮೊಬೈಲ್ ಆಟದ 'ಲಕ್ಕಿ ಸ್ಪಿನ್' ಮರ್ಮವೂ ಇದೇ, ನಮ್ಮ ಅಜ್ಜಿಯರ ಕೈಯಲ್ಲಿ ಅದು ಆಗಲೇ ಗಲಗಲ ಅನ್ನುತ್ತಿತ್ತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ ಎಂಬ ಕಟ್ಟಳೆ ಬೇರೆ. ಆಸೆ, ಸೇಡು, ಅತ್ತಿಗೆ ನಾದಿನಿಯರ ಜಗಳ, ಎಲ್ಲವೂ ಇತ್ತು. ಆದರೆ ನಾಲ್ಕು ಕಾಯಿಯೂ ನಡುಮನೆ ಸೇರಿ ಹಣ್ಣಾದವೋ, ಮುಗಿಯಿತು. ಕವಡೆ ಡಬ್ಬಿಗೆ, ಎಲ್ಲರೂ ಅಡುಗೆಮನೆಗೆ.

ಆಟದ ಹುಚ್ಚಿನಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಮೀರಿಸಿದವರುಂಟೇ? ಗಂಜೀಫಾ ಎಂಬ ಹಳೇ ಇಸ್ಪೀಟೆಲೆಗಳಿಗೆ ಹೊಸ ಹೊಸ ಕಟ್ಟು, ಪಗಡೆ, ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಲೆಕ್ಕ. ಆ ಕುದುರೆಯೂ 64ನೆಯ ಮನೆಯಲ್ಲಿ ನಿಲ್ಲುತ್ತದೆ, ದೊರೆಯ ಆಟವೆಂದು ಅದಕ್ಕೆ 65ನೆಯ ಮನೆ ಸಿಗಲಿಲ್ಲ.

ಹಾಗಾದರೆ ಮುಗಿಯುವುದು ಯಾವಾಗ ತಪ್ಪಿತು? ಲೆಕ್ಕದ ಪುಸ್ತಕ ನೋಡಿದರೆ ತಿಳಿಯುತ್ತದೆ. ಕಾಸು ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳ ಕಾಲದಲ್ಲಿ ನೀವು ಬೇಗ ಸೋತು ಹಿಂದೆ ನಿಂತವನಿಗೆ ಜಾಗ ಬಿಟ್ಟರೆ ಅಂಗಡಿಯವನಿಗೆ ಲಾಭ. ಟೀವಿಗೆ ಸಿಕ್ಕಿಸುವ 'ಕ್ಯಾಸೆಟ್' ಗೇಮ್ ಬಂದಾಗ ಮಾರಿದ ದಿನವೇ ಕಂಪನಿಗೆ ದುಡ್ಡು ಸೇರಿತು. ಆಮೇಲೆ ನೀವು ಆಡಿದರೇನು, ಅಟ್ಟಕ್ಕೆ ಎಸೆದರೇನು. ಈಗಿನ ಆಟ ಬಿಟ್ಟಿ. ಬಿಟ್ಟಿ ಕೊಟ್ಟವನು ಜಾಹೀರಾತಿನಲ್ಲಿ, ಬಂದೂಕಿನ ಬಣ್ಣದಲ್ಲಿ, ಹೆಚ್ಚುವರಿ ಜೀವದಲ್ಲಿ ದುಡಿಯಬೇಕು. ನೀವು ಎದ್ದರೆ ಅವನಿಗೆ ನಷ್ಟ. ಅಲ್ಲಿಂದ ಮುಂದಕ್ಕೆ ಎದ್ದೇಳುವ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿದರು.

ಮುಚ್ಚುವ ವಿದ್ಯೆ ಹೊಸದಲ್ಲ. 1957ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು ದಪ್ಪ ಪುಸ್ತಕವಾಗಿ ಹೊರತಂದರು. ಇಂತಿಷ್ಟೇ ಸಲ ಕುಕ್ಕಿದರೆ ಕಾಳು ಎಂದು ನಿಗದಿ ಮಾಡಿದರೆ ಹಕ್ಕಿ ಕಾಳು ತಿಂದಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಒಮ್ಮೆ 3ಕ್ಕೆ, ಒಮ್ಮೆ 40ಕ್ಕೆ, ಹೀಗೆ ಗೊತ್ತುಗುರಿಯಿಲ್ಲದೆ ಕಾಳು ಕೊಟ್ಟರೆ ಆ ವಿರಾಮ ಹೆಚ್ಚುಕಡಿಮೆ ಮಾಯ. ಪಾರಿವಾಳಕ್ಕೆ ಹಸಿವು ಹೆಚ್ಚಿರಲಿಲ್ಲ, ಹಿಡಿತ ಕಡಿಮೆಯಾಗಿರಲಿಲ್ಲ. ಕಾಳು ಕೊಡುವ ಕ್ರಮ ಬದಲಾಗಿತ್ತು, ಅಷ್ಟೆ.

ಇನ್ನೊಂದು ಕಡೆಯಿಂದ ನೋಡಿ. ಬರ್ಲಿನ್‌ನಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬಾಕೆ 1927ರಲ್ಲಿ ಪ್ರಕಟಿಸಿದ ಪ್ರಯೋಗ: ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟು, ಕೆಲವನ್ನು ಅರ್ಧಕ್ಕೆ ತಡೆದರು. ಅರ್ಧಕ್ಕೆ ನಿಂತದ್ದೇ ಹೆಚ್ಚು ನೆನಪಿನಲ್ಲಿತ್ತು. ನೆನಪಿನ ಮಾತು ಆಮೇಲಿನ ಪರೀಕ್ಷೆಗಳಲ್ಲಿ ಒಂದೇ ಸಮ ಬರಲಿಲ್ಲ ಅನ್ನಿ. ಆದರೆ ಆಕೆಯ ಜೊತೆಯವರಾದ ಮರಿಯಾ ಓವ್ಸ್ಯಾಂಕಿನಾ ಮರುವರ್ಷ ತೋರಿಸಿದ್ದು ಗಟ್ಟಿಯಾಗಿ ನಿಂತಿದೆ: ತಡೆದ ಕೆಲಸಕ್ಕೆ ಜನ, ಯಾರೂ ಹೇಳದಿದ್ದರೂ, ತಾವಾಗಿಯೇ ಮರಳುತ್ತಾರೆ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಕಟ್ಟಿದ, ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆಟವಾದ ಟೆಟ್ರಿಸ್‌ನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಸರಿಯಾಗಿ ತುಂಬಿದ ಸಾಲು ಅಳಿಸಿಹೋಗುತ್ತದೆ, ಕೆಟ್ಟು ಕೂತ ತುಂಡುಗಳು ಮಾತ್ರ ಉಳಿಯುತ್ತವೆ. ಮಾಡಿದ ಕೆಲಸ ಕಾಣದು, ಮಾಡಬೇಕಾದದ್ದು ಕಣ್ಣು ಕುಕ್ಕುತ್ತದೆ. ಪಜಿಟ್ನೋವ್‌ಗೆ ಯಾರಿಂದಲೂ ದುಡ್ಡು ಕೀಳುವ ಉದ್ದೇಶವಿರಲಿಲ್ಲ. ಅದನ್ನು ಕಲಿತು ದುಡ್ಡು ಮಾಡಿದವರು ಆಮೇಲೆ ಬಂದರು. ಕ್ಯಾಂಡಿ ಕ್ರಶ್ (2012) ನೋಡಿ: 5 ಜೀವ, ಒಂದು ತುಂಬಲು 30 ನಿಮಿಷ, ಎಲ್ಲ ತುಂಬಲು ಎರಡೂವರೆ ಗಂಟೆ. ಇನ್ನೆರಡು ಚೌಕ ಒಡೆದರೆ ಗೆಲುವು ಅನ್ನುವಾಗ ನಡೆ ಮುಗಿದು, "ಇನ್ನೂ 5 ನಡೆ ಬೇಕಾ?" ಎಂಬ ಪ್ರಶ್ನೆ. ಇದನ್ನು ಆಡುವವರಲ್ಲಿ ಮಕ್ಕಳಿಗಿಂತ ಅಮ್ಮಂದಿರೇ ಹೆಚ್ಚು ಕಾಣುತ್ತಾರೆ, ಅವರಿಗೆ ಮಾತ್ರ ಯಾರೂ ಶಿಸ್ತಿನ ಪಾಠ ಹೇಳುವುದಿಲ್ಲ.

ಈಗ ನಿಮ್ಮ ಮನೆಯ ಆ ರಾತ್ರಿಗೆ ಬರೋಣ. ಹುಡುಗ ಆಡುತ್ತಿದ್ದದ್ದು ಪಬ್‌ಜಿಯ ಭಾರತದ ರೂಪವಾದ ಬಿಜಿಎಂಐ ಥರದ ಬಂದೂಕಿನ ಆಟ ಎಂದಿಟ್ಟುಕೊಳ್ಳುತ್ತೇನೆ. 100 ಜನ ಇಳಿಯುತ್ತಾರೆ, ವೃತ್ತ ಕಿರಿದಾಗುತ್ತಾ ಬರುತ್ತದೆ, ಕ್ಲಾಸಿಕ್ ಮ್ಯಾಚು ಕೊನೆಯವರೆಗೆ ಹೋದರೆ ಸುಮಾರು 30 ನಿಮಿಷ. ಸ್ಕ್ವಾಡ್‌ನಲ್ಲಿ ನಾಲ್ವರು. ನೀವು ವೈಫೈ ಆರಿಸಿದ್ದು ಬಹುಶಃ 22ನೇ ನಿಮಿಷದಲ್ಲಿ. ನಿಮಗೆ ಕಂಡದ್ದು ಆರಿದ ಒಂದು ಪರದೆ. ಆಚೆ ಏನಾಯಿತೆಂದರೆ, ಅವನ ಆಟಗಾರ ಬಯಲಲ್ಲಿ ಮರದ ಹಾಗೆ ನಿಂತ, ಯಾರೋ ಹೊಡೆದರು. ಅವನ ಬೆನ್ನು ಕಾಯುತ್ತಾನೆಂದು ನಂಬಿ ಮುಂದೆ ನುಗ್ಗಿದ್ದ ಮೂವರು ಗೆಳೆಯರು ಸಿಕ್ಕಿಬಿದ್ದರು. ಮೆರಿಟ್, ಅಂದರೆ ಆಟದೊಳಗಿನ ನಡತೆಯ ಅಂಕ, ಕುಸಿಯಿತು, ವಾರವಿಡೀ ಏರಿಸಿದ ಶ್ರೇಣಿಯ ಅಂಕ ಇಳಿಯಿತು. ಬೆಳಿಗ್ಗೆ ಸ್ಕೂಲಿನಲ್ಲಿ ಆ ಮೂವರಿಗೆ ಮುಖ ತೋರಿಸಬೇಕು. ತಟ್ಟೆ ತಳ್ಳಿದ್ದು ತಪ್ಪೇ. ಆದರೆ ಕ್ರಿಕೆಟ್‌ನಲ್ಲಿ ಕೊನೇ ಓವರ್‌ಗೆ ನೀವೇ ಬಂದು ಬ್ಯಾಟು ಕಿತ್ತುಕೊಂಡು ಹೋದಂತಾಯಿತಲ್ಲ, ಅದನ್ನೂ ಯೋಚಿಸಿ. ಅವನು ಮರುದಿನ ಎರಡು ಗಂಟೆ ಹೆಚ್ಚು ಆಡಿದ್ದರೆ ನನಗೇನೂ ಆಶ್ಚರ್ಯವಿಲ್ಲ, ಓವ್ಸ್ಯಾಂಕಿನಾಗೂ ಆಗುತ್ತಿರಲಿಲ್ಲ.

ನೀವು ಮಂಡ್ಯದವರು, ಆಲೆಮನೆ ಕಂಡವರು. ಅಲ್ಲಿ ಒಲೆ ಎಷ್ಟಕ್ಕೆ ಆರಿಸಬೇಕು ಅಂತ ಯಾರೂ ಕೇಳುವುದಿಲ್ಲ. ಕೊನೇ ಕೊಪ್ಪರಿಗೆ ಎಷ್ಟು ಹೊತ್ತಿಗೆ ಒಲೆಗೇರಬೇಕು ಅನ್ನುವುದೇ ಲೆಕ್ಕ. ಹದ ಬರುವ ಮುಂಚೆ ಬೆಂಕಿ ಎಳೆದರೆ ಬೆಲ್ಲವೂ ಆಗಲಿಲ್ಲ, ಕಬ್ಬಿನ ಹಾಲೂ ಉಳಿಯಲಿಲ್ಲ. ಆಟಕ್ಕೂ ಅದೇ ಲೆಕ್ಕ ಹಾಕಿ. "ಒಂಬತ್ತಕ್ಕೆ ನಿಲ್ಲಿಸು" ಅನ್ನಬೇಡಿ, "ಎಂಟೂವರೆ ಆದ ಮೇಲೆ ಸ್ಟಾರ್ಟ್ ಒತ್ತಬೇಡ" ಅನ್ನಿ. ಮೂರನೇ ನಿಮಿಷಕ್ಕೇ ಸತ್ತು ಹೊರಬಂದರೂ ಹೊಸ ಮ್ಯಾಚಿಲ್ಲ. ಇದನ್ನು ಅವನು ತಣ್ಣಗಿರುವಾಗ, ಭಾನುವಾರ ಬೆಳಿಗ್ಗೆ ಹೊತ್ತು, ಮೊದಲೇ ಒಪ್ಪಿಸಿಕೊಳ್ಳಿ. ಸಮಯ ಕಮ್ಮಿ ಇದ್ದರೆ ಅದರಲ್ಲೇ ಟಿಡಿಎಂ (ಟೀಮ್ ಡೆತ್‌ಮ್ಯಾಚ್) ಅನ್ನುವ ಚಿಕ್ಕ ಆಟ ಇದೆ, 10 ನಿಮಿಷದೊಳಗೆ ಮುಗಿಯುತ್ತದೆ. ಗೆಳೆಯರ ಮನೆಯಲ್ಲೂ ಎಂಟೂವರೆಯ ಮಾತು ನಡೆದರೆ ಕೆಲಸ ಇನ್ನೂ ಸಲೀಸು. ನಾಲ್ವರಲ್ಲಿ ಒಬ್ಬನೇ ಎದ್ದರೆ ಅವನು ಹೇಡಿ, ನಾಲ್ವರೂ ಎದ್ದರೆ ಆಟ ಮುಗಿಯಿತು.

ಫೋನಿನೊಳಗಿನ ಬೀಗಗಳ ಬಗ್ಗೆ ಅನೇಕರಿಗೆ ಅತಿ ಭರವಸೆ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಒಂದೊಂದು ಆ್ಯಪಿಗೂ ದಿನದ ಮಿತಿ ಇಡಬಹುದು. ಎಡವುವುದು ಮೂರು ಕಡೆ. ಮಿತಿ ಮುಗಿದಾಗ ಮ್ಯಾಚಿನ ಮಧ್ಯೆಯೇ ಆ್ಯಪ್ ಮುಚ್ಚುತ್ತದೆ, ಮತ್ತೆ ಅದೇ ರಾಮಾಯಣ. ಲೆಕ್ಕ ನಡುರಾತ್ರಿಗೆ ಹೊಸದಾಗುವುದರಿಂದ 12 ಹೊಡೆದು ಒಂದು ನಿಮಿಷಕ್ಕೆ ಹೊಸ ಪಾಲು ಸಿಗುತ್ತದೆ. ಮತ್ತೆ, ಅದು ಅವನ ಫೋನಿನಲ್ಲೇ ಇರುವ ಬೀಗ, ಬೀಗದ ಕೈಯೂ ಅವನ ಹತ್ತಿರವೇ. ಅದಕ್ಕಿಂತ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ, ನಿಮ್ಮ ಫೋನಿನಿಂದ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 'ಡೌನ್‌ಟೈಮ್' ಇಡಿ. ಆಟದ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ, "ನಿಮ್ಮ ದಿನದ ಬಹುಮಾನ ಕಾದಿದೆ" ಅನ್ನುವ ಕರೆಯೇ ಅರ್ಧ ಆಟ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಉಳಿಸಿಟ್ಟ ಕಾರ್ಡ್ ತೆಗೆಯಿರಿ, ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಚಾರ್ಜರ್ ಹಾಲಿನಲ್ಲಿರಲಿ. "ಅಲಾರಾಂಗೆ ಬೇಕು" ಅಂದರೆ ಒಂದು ಟೈಮ್‌ಪೀಸ್ ತಂದುಕೊಡಿ.

ಇದಕ್ಕೆಲ್ಲ ಸರ್ಕಾರ ಇದೆಯಲ್ಲ ಅಂದಿರಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮರೆಯಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಆ ನಡುವೆ ಹುಡುಗರು ಓದಲು ಕೂತರೇ? ಬೇರೆ ಆಟಕ್ಕೆ ಹೋದರು. ದಕ್ಷಿಣ ಕೊರಿಯಾ 2011ರಲ್ಲಿ 16ರೊಳಗಿನವರಿಗೆ ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಬಂದ್ ಎಂದಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆಯಲ್ಲಿ ಒಳಹೊಕ್ಕರು, ಮೊಬೈಲ್ ಆಟಗಳು ಆ ಕಾನೂನಿನ ಹೊರಗೇ ಉಳಿದವು, 2021ರಲ್ಲಿ ಅದನ್ನು ಕೈಬಿಡುವ ತೀರ್ಮಾನವಾಯಿತು. ಚೀನಾದ್ದು ಇನ್ನೂ ಬಿಗಿ: 2021ರಿಂದ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9, ಅಷ್ಟೇ. ಬೆಲ್ಜಿಯಂನವರು 2018ರಲ್ಲಿ ಮಕ್ಕಳನ್ನು ಬಿಟ್ಟು ಆಟವನ್ನೇ ಹಿಡಿದರು. ಒಳಗೇನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆ (ಲೂಟ್ ಬಾಕ್ಸ್) ಜೂಜು ಎಂದರು. ನನ್ನ ಮತ ಬೆಲ್ಜಿಯಂಗೆ.

ಮುಗಿಯದಿರುವ ರೋಗ ಆಟಕ್ಕೆ ಮಾತ್ರ ತಗುಲಿಲ್ಲ. ವೆಬ್ ಸೀರೀಸ್ ಒಂದು ಕಂತು ಮುಗಿಯುವುದರೊಳಗೆ ಮುಂದಿನದು ತಾನೇ ಶುರು. ರೀಲ್ಸ್‌ಗೆ ತಳವಿಲ್ಲ. ಟೀವಿ ಧಾರಾವಾಹಿಯ ಅತ್ತೆ ಸಾಯುವುದಿಲ್ಲ. ಟ್ಯೂಷನ್‌ದೂ ಇದೇ ಕಥೆ: ಬೆಳಿಗ್ಗೆ ಐದೂವರೆಗೆ ಗಣಿತ, ಸ್ಕೂಲು ಬಿಟ್ಟ ಮೇಲೆ ವಿಜ್ಞಾನ, ರಾತ್ರಿ ಟೆಸ್ಟ್ ಸೀರೀಸ್. ಮೈಸೂರಿನ ಹೊಸ ಬಡಾವಣೆಗಳಲ್ಲಿ ಪಾರ್ಕ್ ಇದೆ, ಗೇಟಿನ ಪಕ್ಕದಲ್ಲಿ "ಇಲ್ಲಿ ಚೆಂಡಾಟ ನಿಷೇಧಿಸಿದೆ" ಎಂಬ ಹಲಗೆಯೂ ಇದೆ. ನಿಷೇಧ ಬೇಕೆಂದಿರಲ್ಲ, ಆಗಲೇ ಆಗಿದೆ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬೇಕಾದರೆ ಮೊದಲು ಹೊರಗೆ ಹೋಗಲು ಜಾಗ ಬೇಕಲ್ಲ ಸ್ವಾಮಿ! ನಿಮ್ಮ ಹುಡುಗ ಎಂಟು ಗಂಟೆಗೆ ಗೆಳೆಯರ ಜೊತೆ ನಕ್ಕು ಮಾತಾಡುವ ಜಾಗ ಆ ಆಟವೊಂದೇ ಆಗಿದ್ದರೆ ಅದನ್ನು ಕಿತ್ತುಕೊಳ್ಳುವ ಮುಂಚೆ ಇನ್ನೊಂದು ಜಾಗ ತೋರಿಸಿ.

ಎಲ್ಲಿ ಹೆದರಬೇಕು ಅನ್ನುವುದೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಆಟದ ಗೀಳಿಗೂ ಜಾಗವಿದೆ. ಹೊತ್ತು ಹೆಚ್ಚಾಯಿತೆಂದರೆ ಸಾಲದು. ಆಟದ ಮೇಲೆ ಹತೋಟಿ ತಪ್ಪಿ, ಉಳಿದೆಲ್ಲಕ್ಕಿಂತ ಅದೇ ಮೇಲಾಗಿ, ಕೆಡುಕಾಗುತ್ತಿದ್ದರೂ ಮುಂದುವರಿದು, ಓದು, ಮನೆ, ಗೆಳೆತನ ಕೆಟ್ಟು, ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡರೆ ಮಾತ್ರ ಆ ಹೆಸರು. ಹಾಗಂತ ವರ್ಷ ಕಾಯಬೇಡಿ. ನಿದ್ದೆ ಕೆಟ್ಟು ಸ್ಕೂಲು ತಪ್ಪಿಸುತ್ತಿದ್ದರೆ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾಗಿದ್ದರೆ, ಮಂಡ್ಯದ ಮಿಮ್ಸ್‌ನ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಒಂದು ವಾರ ಅವನು ಶುರು ಮಾಡಿದ ಹೊತ್ತು, ಎದ್ದ ಹೊತ್ತು, ಮಲಗಿದ ಹೊತ್ತು ಬರೆದಿಟ್ಟುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ಕೊನೆಗೆ, ಅಕೌಂಟ್ ಅಳಿಸಲೇ ಅಂತ ಕೇಳಿದ್ದೀರಿ. ಬೇಡ. ಅವನು ಅರ್ಧ ಗಂಟೆಯೊಳಗೆ ಹೊಸದು ತೆರೆಯುತ್ತಾನೆ. ಹೊಸ ಅಕೌಂಟು ಕೆಳಗಿನ ಶ್ರೇಣಿಯಿಂದ ಶುರುವಾಗುತ್ತದೆ, ಅಲ್ಲಿ ಎದುರಿಗೆ ಬರುವವರಲ್ಲಿ ಹೆಚ್ಚಿನವರು ಮನುಷ್ಯರಲ್ಲ, ಕಂಪ್ಯೂಟರೇ ಆಡಿಸುವ ಬಾಟ್‌ಗಳು. ಹೊಡೆದರೆ ಬೀಳುತ್ತಾರೆ, ಗೆದ್ದದ್ದೇ ಗೆದ್ದದ್ದು, ಶ್ರೇಣಿ ದಿನಕ್ಕೊಂದು ಮೆಟ್ಟಿಲು ಏರುತ್ತದೆ. ಈಗ ಮೇಲಿನ ಡೈಮಂಡ್ ಶ್ರೇಣಿಯಲ್ಲಿ ಒದ್ದಾಡಿ ಸಾಕಾಗಿರುವವನನ್ನು ನೀವೇ ಕೈಹಿಡಿದು ತಳದ ಬ್ರಾಂಜ್‌ಗೆ ಕೂರಿಸಿದ ಹಾಗೆ. ಅವನ ಹಳೇ ಅಕೌಂಟು ಹಾಗೇ ಇರಲಿ, ಎಂಟೂವರೆಯ ಮಾತನ್ನು ಈ ಭಾನುವಾರ ಆಡಿ.