ಗುಳೆ ಸರ್ವೆಯಲ್ಲಿ ಮನೆಮನೆಗೂ ಬೇರೆ ಪ್ರಶ್ನೆ ಕೇಳೋ ಕೆಲಸ ಎಐಗೆ ಬಿಡಬಹುದಾ?

ಯಾದಗಿರಿಯಲ್ಲಿ ಗುಳೆ ಹೋಗೋ ಕುಟುಂಬಗಳ ಸರ್ವೆಗೆ, ಹಿಂದಿನ ಉತ್ತರ ನೋಡಿ ಎಐಯೇ ಮುಂದಿನ ಪ್ರಶ್ನೆ ಆರಿಸೋ ಹಾಗೆ ಮಾಡಬೇಕು, ಯಾವ ಟೂಲ್ ಒಳ್ಳೇದು ಅಂತ ಕೇಳಿದ್ದೀರಿ. ಇದೇ ಕೆಲಸ ನಾವು ಆಳಂದ ತಾಲ್ಲೂಕಿನಲ್ಲಿ ಮಾಡಿದ್ವಿ. ಟೂಲ್ ಮಾತು ಆಮೇಲೆ.

ನಮ್ಮ ಹಳೇ ಫಾರ್ಮ್ ಬಹಳ ಉದ್ದ ಇತ್ತು. ಕೂಲಿಗೆ ಹೊರಟು ನಿಂತ ಹೆಣ್ಣುಮಕ್ಕಳು ಅಷ್ಟೊತ್ತು ಎಲ್ಲಿ ಕೂಡ್ತಾರೆ? ಅದಕ್ಕೆ ಎಐಗೆ ವಿಷಯಗಳ ಪಟ್ಟಿ ಕೊಟ್ಟು, "ಈ ಮನೆಗೆ ಬೇಡದ್ದು ಬಿಡು, ಬೇಕಾದ್ದು ಕೇಳು" ಅಂತ ಬರೆದು ಟ್ಯಾಬ್‌ಗೆ ಜೋಡಿಸಿದ್ವಿ. ಶುರುವಿನಲ್ಲಿ ಎಲ್ಲರಿಗೂ ಖುಷಿ. ಸರ್ವೆ ಬೇಗ ಮುಗೀತಿತ್ತು, ಜನ ಬೇಸರ ಮಾಡ್ಕೊಳ್ತಿರಲಿಲ್ಲ.

"ಬೇಡದ್ದು ಬಿಡು" ಅನ್ನೋ ಆ ಸಾಲೇ ನಮ್ಮ ಕೆಲಸ ಕೆಡಿಸಿತು. ಹೇಗೆ ಅಂತ ಬಿಡಿಸಿ ಹೇಳ್ತೀನಿ, ನೀವೂ ಅದನ್ನೇ ಬರೆಯೋರಿದ್ದೀರಿ. ಒಬ್ಬ ರೈತರು "ನಾಕ್ ಎಕರೆ ಹೊಲ ಅದರಿ, ತೊಗರಿ ಹಾಕೀವಿ" ಅಂದರು. ಹೊಲ ಇದ್ದವರು ಗುಳೆ ಹೋಗಲ್ಲ ಅಂತ ಎಐ ತಾನೇ ತೀರ್ಮಾನಿಸಿ, ಗುಳೆ ಪ್ರಶ್ನೆ ಬಿಟ್ಟು ಬೀಜ, ಗೊಬ್ಬರದ ಕಡೆ ಹೊರಳಿತು. ಮಳೆ ನಂಬಿದ ಹೊಲ, ನೆಟೆ ರೋಗ ಬಿದ್ದರೆ ನಿಂತ ತೊಗರಿ ನಿಂತಲ್ಲೇ ಒಣಗ್ತದೆ. ಅಂಥ ಮನೆಯ ಮಕ್ಕಳೇ ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗೋದು. ನಾವು ಹುಡುಕ್ತಿದ್ದದ್ದೂ ಅವರನ್ನೇ. ಶೀಟ್‌ನಲ್ಲಿ ನೋಡಿದರೆ ಆ ಕಾಲಂ ಖಾಲಿ. ಯಾರೂ ಹೋಗಿಲ್ಲ ಅಂತ ಖಾಲಿಯೋ, ಕೇಳಲೇ ಇಲ್ಲ ಅಂತ ಖಾಲಿಯೋ? ಹೇಳೋಕೆ ದಾರಿ ಇರಲಿಲ್ಲ. ಉತ್ತರ ಮಾತ್ರ ಉಳಿಸಿದ್ವಿ, ಯಾವ ಮನೆಗೆ ಯಾವ ಪ್ರಶ್ನೆ ಹೋಯ್ತು ಅನ್ನೋದನ್ನ ಉಳಿಸಿರಲಿಲ್ಲ. ಕೇಳಿದ ಕಡೆಯೂ ಒಂದು ಮನೆಗೆ "ಹೋದ ವರ್ಷ ದುಡಿಯಾಕ ಯಾರರ ಹೋಗಿದ್ರೇನ್ರಿ", ಇನ್ನೊಂದಕ್ಕೆ "ಈಗ ಯಾರರ ಹೊರಗ ಅದಾರೇನ್ರಿ" ಅಂತ ಕೇಳಿತ್ತು ಅಂತ ನಮ್ಮ ಹುಡುಗರಿಂದ ಆಮೇಲೆ ತಿಳೀತು. ಮತ್ತೆ ಕೇಳೋಣ ಅಂತ ಹೊರಡೋ ಹೊತ್ತಿಗೆ ದೀಪಾವಳಿ ಮುಗಿದು, ಎಷ್ಟೋ ಮನೆಗೆ ಬೀಗ ಬಿದ್ದಿತ್ತು. ಕೆಲಸ ಕೊಟ್ಟವರು ವರದಿ ತಗೊಳ್ಳಲಿಲ್ಲ, ಉಳಿದ ಹಣವೂ ಬರಲಿಲ್ಲ.

ಪ್ರಶ್ನೆ ಸ್ವಲ್ಪ ಬದಲಾದರೂ ಎಷ್ಟು ಪೆಟ್ಟು ಅನ್ನೋದಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೇ ಸುತ್ತು, 1999-2000ರದ್ದು, ನೋಡಿ. 1993-94ರಲ್ಲಿ ಆಹಾರದ ಖರ್ಚನ್ನ ಹಿಂದಿನ 30 ದಿನಕ್ಕೆ ಮಾತ್ರ ಕೇಳಿದ್ರು, ಈ ಸುತ್ತಿನಲ್ಲಿ 7 ದಿನಕ್ಕೂ 30 ದಿನಕ್ಕೂ ಅಕ್ಕಪಕ್ಕದಲ್ಲೇ ಕೇಳಿದ್ರು. ಬಡತನ 1993-94ರ ಶೇ 36ರಿಂದ ಶೇ 26ಕ್ಕೆ ಇಳಿಯಿತು ಅಂತ ಲೆಕ್ಕ ಬಂತು. ಅದರಲ್ಲಿ ನಿಜವಾಗಿ ಇಳಿದದ್ದೆಷ್ಟು, ಪ್ರಶ್ನೆ ಬದಲಾದ್ದರಿಂದ ಇಳಿದಂತೆ ಕಂಡದ್ದೆಷ್ಟು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದ್ರು. ಅಲ್ಲಿ ಒಂದು ಸುತ್ತಿಗೂ ಇನ್ನೊಂದಕ್ಕೂ ಫಾರ್ಮ್ ಬೇರೆಯಾಗಿತ್ತು. ನೀವು ಮಾಡ್ತಿರೋದು ಮನೆಗೊಂದು ಫಾರ್ಮ್.

ಹಾಗಾಗಿ ಪ್ರತಿ ಮನೆಗೂ ಬೇರೆ ಸರ್ವೆ ಬೇಕು ಅನ್ನೋದನ್ನೇ ನಾನು ಒಪ್ಪಲ್ಲ. ಉದ್ದ ಆಯ್ತು ಅಂದ್ರೆ ಪ್ರಶ್ನೆ ತೆಗೀರಿ, ಎಲ್ಲರಿಗೂ ಒಂದೇ ಸಮ ತೆಗೀರಿ. ದನ ಇಲ್ಲ ಅಂದವರಿಗೆ ಹಾಲಿನ ಪ್ರಶ್ನೆ ಬಿಡೋದಕ್ಕೆ ಕೋಬೊಟೂಲ್‌ಬಾಕ್ಸ್ ಅನ್ನೋ ಸರ್ವೆ ಫಾರ್ಮ್ ಮಾಡೋ ಟೂಲ್‌ನಲ್ಲಿ ಒಂದು ಷರತ್ತು ಬರೆದರೆ ಸಾಕು. ನೆಟ್‌ವರ್ಕ್ ಸಿಗದ ತಾಂಡಾದಲ್ಲೂ ನಡೀತದೆ. ಎಂಬಿಎ ಸೇರೋಕೆ ಬರೆಯೋ ಜಿಮ್ಯಾಟ್‌ನಂಥ ಪರೀಕ್ಷೆಯಲ್ಲಿ ಉತ್ತರ ನೋಡಿ ಮುಂದಿನ ಪ್ರಶ್ನೆ ಬರ್ತದಲ್ಲ ಅಂತೀರಾ? ಅಲ್ಲಿ ಒಂದೊಂದು ಪ್ರಶ್ನೆ ಎಷ್ಟು ಕಷ್ಟ ಅಂತ ಮೊದಲೇ ಅಳೆದು ಇಟ್ಟಿರ್ತಾರೆ, ಅದಕ್ಕೇ ಬೇರೆ ಬೇರೆ ಪ್ರಶ್ನೆ ಬಂದರೂ ಅಂಕ ಹೋಲಿಸಬಹುದು. ಎಐ ಆಗಲೇ ಹುಟ್ಟಿಸೋ ಪ್ರಶ್ನೆಗೆ ಅಂಥ ಅಳತೆ ಇಲ್ಲ.

ಎಐ ಬೇಕೇ ಬೇಕು ಅಂದ್ರೆ ಕೊನೆಗೆ ಇಡಿ. ಮುಖ್ಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ "ಯಾಕ ಹೋದ್ರಿ" ಅಂತ ಕೇಳಿ, ಅವರು "ಸಾಲ ಇತ್ರಿ" ಅಂದಾಗ "ಯಾರ ಕಡೆ?" ಅಂತ ಒಂದೇ ಒಂದು ಮರುಪ್ರಶ್ನೆ ಕೇಳಿಸಿ. ಇಂಥ ಕಡೆ ನಮಗೆ ಬಹಳ ಒಳ್ಳೆ ಮಾಹಿತಿ ಸಿಕ್ಕಿತ್ತು. ಕೇಳಿದ ಪ್ರಶ್ನೆಯನ್ನ ಅಕ್ಷರ ಬಿಡದೆ ಉತ್ತರದ ಪಕ್ಕದಲ್ಲೇ ಉಳಿಸಿ. ಹೆಸರು, ಫೋನ್ ನಂಬರ್ ಎಐಗೆ ಕಳಿಸಲೇಬೇಡಿ. ಸರ್ವೆಯನ್ನ ಏನೇ ಆಗಲಿ ದಸರೆಯೊಳಗೆ ಮುಗಿಸಿ.