ಅಪ್ಪ ಸೆರೆ ಸಿಕ್ಕಿದ್ದರು ಅಂತ ಕಲ್ಲಿನ ಮೇಲೆ ಬರೆಸಬಹುದಾ?

ಪ್ರಶ್ನೆ: ಅಪ್ಪನಿಗೆ 86 ವರ್ಷ. ಸೇನೆಯಲ್ಲಿ ಸಿಗ್ನಲ್ಸ್‌ನಲ್ಲಿ, ಅಂದರೆ ಫೋನು, ವೈರ್‌ಲೆಸ್ ಸಂಪರ್ಕ ನೋಡಿಕೊಳ್ಳುವ ವಿಭಾಗದಲ್ಲಿದ್ದರು. 1962ರ ಯುದ್ಧದಲ್ಲಿ, ಈಗಿನ ಅರುಣಾಚಲದ ಗಡಿಯ ನಮ್ಕಾ ಚು ಹೊಳೆಯ ಹತ್ತಿರ ಚೀನಿಯರಿಗೆ ಸೆರೆ ಸಿಕ್ಕಿ, ಮರುವರ್ಷ ಊರಿಗೆ ಬಂದರು. ಆ ವಿಷಯ ಮನೆಯಲ್ಲಿ ಎತ್ತುವುದೇ ಇಲ್ಲ. ಮೊನ್ನೆ ಮದುವೆ ಊಟದಲ್ಲಿ ಚಿಕ್ಕಪ್ಪನ ಮಗ, "ದೊಡ್ಡಪ್ಪ ಕೈ ಮೇಲೆತ್ತಿ ಬಂದವರಲ್ವಾ" ಅಂದುಬಿಟ್ಟ. ಅಪ್ಪ ಅರ್ಧಕ್ಕೇ ಎಲೆ ಮಡಚಿ ಎದ್ದರು. ಈಗ ಊರಲ್ಲಿ ಯೋಧರ ಹೆಸರಿನ ಕಲ್ಲು ಹಾಕಿಸುತ್ತಿದ್ದಾರೆ. ಅಪ್ಪನ ಹೆಸರು ಕೊಡಲೋ ಬೇಡವೋ? ಅದೇ ಯುದ್ಧದಲ್ಲಿ ಲಡಾಖ್‌ನ ರೆಜಾಂಗ್ ಲಾದಲ್ಲಿ ಇದ್ದವರ ಹಾಗೆ ಕೊನೆವರೆಗೂ ಯಾಕೆ ಹೋರಾಡಲಿಲ್ಲ ಅಂತ ನನಗೂ ಒಳಗೊಳಗೇ ಅನ್ನಿಸಿದೆ.

ಉತ್ತರ: ಆ ಮಡಚಿದ ಎಲೆ ನನ್ನ ಕಣ್ಣಿಂದ ಹೋಗುತ್ತಿಲ್ಲಮ್ಮ. ಅರವತ್ತು ವರ್ಷ ದಾಟಿದ ಮೇಲೂ ಅವರಿಗೆ ಅಷ್ಟು ನೋವಿದೆ.

ಮೊದಲು ನಿಮ್ಮ ಅನುಮಾನದ ಮಾತು. 1962ರ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕಡೆ ಇದ್ದದ್ದು ಸುಮಾರು 120 ಮಂದಿ. 110ಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ಟರು. ಅವರ ಬೆನ್ನ ಹಿಂದೆ ಚುಶೂಲ್ ಇತ್ತು, ಅದರ ವಿಮಾನ ಇಳಿದಾಣ ಇತ್ತು. ತಡೆದ ಪ್ರತಿ ಗಂಟೆಗೂ ಬೆಲೆ ಇತ್ತು. ಅಲ್ಲೂ ಗಾಯಗೊಂಡ ಕೆಲವರು ಸೆರೆ ಸಿಕ್ಕಿದ್ದರು. ಇದನ್ನು ನಾವು ಮರೆತೇಬಿಡುತ್ತೇವೆ.

ನಮ್ಕಾ ಚುವಿನಲ್ಲಿ ನಮ್ಮವರು ಕೆಳಗೆ ಹೊಳೆಯ ಪಕ್ಕದಲ್ಲಿ, ಚೀನಿಯರು ಎದುರಿನ ಥಗ್ಲಾ ಬೆಟ್ಟದ ಮೇಲೆ. ಚಳಿಗೆ ಸರಿಯಾದ ಬಟ್ಟೆ ಇಲ್ಲ, ಕೈಯಲ್ಲಿ ಗುಂಡು ಕಡಿಮೆ. ಅಕ್ಟೋಬರ್ 20ರ ಬೆಳಗಿನ ಜಾವ ದಾಳಿ ಶುರುವಾದಾಗ ಟೆಲಿಫೋನ್ ತಂತಿಗಳೂ ತುಂಡಾದವು. ತಂತಿ ಹೋದ ಮೇಲೆ ಸಿಗ್ನಲ್ಸ್‌ನವನ ಪಾಡು ಯೋಚಿಸಿ. ಅಲ್ಲಿದ್ದ 2 ರಜಪೂತ್ ಪಡೆಯೊಂದರಲ್ಲೇ 282 ಮಂದಿ ಸತ್ತರು. ಅಲ್ಲಿನ ಪಡೆಗಳ ಮುಖ್ಯಸ್ಥ ಬ್ರಿಗೇಡಿಯರ್ ದಳವಿಯವರೇ 22ರಂದು ಸೆರೆ ಸಿಕ್ಕರು.

ನಮ್ಮ ಸಾವಿನಿಂದ ಯಾರಾದರೂ ಉಳಿಯುವ ಹಾಗಿದ್ದರೆ ಹೋರಾಡಬೇಕು. ಜೊತೆಗಾರ ನಮ್ಮನ್ನೇ ನಂಬಿ ನಿಂತಿರುವಾಗ ಬಂದೂಕು ಎಸೆದರೆ ತಪ್ಪು, ಹಾಗೆ ಎಸೆಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ಸಾಲು ಮುರಿದು, ಗುಂಡು ಮುಗಿದ ಮೇಲೆ ಇನ್ನೊಬ್ಬ ಹುಡುಗ ಸತ್ತರೆ ಯಾರಿಗೆ ಏನು ಸಿಕ್ಕಿತು?

1971ರ ಪಾಕಿಸ್ತಾನದ ಜೊತೆಗಿನ ಯುದ್ಧವನ್ನೂ ನೆನಪು ಮಾಡಿಕೊಳ್ಳಿ. ಯುದ್ಧಕೈದಿಗಳನ್ನು ಕಾಯುವ ಜಿನೀವಾ ಒಪ್ಪಂದದ ಪ್ರಕಾರ ನೋಡಿಕೊಳ್ಳುತ್ತೇವೆ, ಶರಣಾಗಿ ಅಂತ ನಮ್ಮ ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರೇ ಪಾಕಿಸ್ತಾನದ ಪಡೆಗೆ ಕರೆ ಕೊಟ್ಟಿದ್ದರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನಾಪತಿ ನಿಯಾಜಿ ಶರಣಾಗತಿಗೆ ಸಹಿ ಹಾಕಿದಾಗ ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ಬೀದಿ ಬೀದಿಯಲ್ಲಿ ಯುದ್ಧ ನಡೆದಿದ್ದರೆ ಎರಡೂ ಕಡೆ ಎಷ್ಟು ಮನೆ ದೀಪ ಆರುತ್ತಿತ್ತೋ. ಶತ್ರು ಆಯುಧ ಕೆಳಗಿಟ್ಟರೆ ಒಳ್ಳೆಯದು, ನಮ್ಮವರು ಇಟ್ಟರೆ ಹೇಡಿತನ, ಇದ್ಯಾವ ನ್ಯಾಯ?

ನಮ್ಮ ಹಳೇ ವೀರಗಲ್ಲುಗಳಲ್ಲಿ ಒಂದು ಮಾತು ಬರುತ್ತದೆ. ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ಸುರಾಂಗನೆ, ಅಂದರೆ ಸ್ವರ್ಗದ ಅಪ್ಸರೆ, ಸಿಗುತ್ತಾಳೆ ಅಂತ. ಸೆರೆ ಸಿಕ್ಕು ಬದುಕಿ ಬಂದವನಿಗೆ ಅಲ್ಲಿ ಒಂದು ಸಾಲೂ ಇಲ್ಲ. ನಿಮ್ಮ ಊರಿನವರು ಬೇಕಿದ್ದರೆ ಆ ಸಾಲನ್ನು ಈಗ ಸೇರಿಸಬಹುದು: "1962, ನಮ್ಕಾ ಚು. ಯುದ್ಧಕೈದಿ. 1963ರಲ್ಲಿ ಮರಳಿದರು."

ಆದರೆ ಅಪ್ಪನನ್ನು ಕೇಳದೆ ಹೆಸರು ಕೊಡಬೇಡಿ. "ಯಾಕೆ ಶರಣಾದಿರಿ" ಅಂತ ಮಾತ್ರ ಕೇಳಬೇಡಿ. "ಅವತ್ತು ನಿಮ್ಮ ಜೊತೆ ಯಾರ್ಯಾರಿದ್ದರು?" ಅಂತ ಕೇಳಿ, ಸುಮ್ನೆ ಕೂತುಕೊಳ್ಳಿ. ಅವರು ಮಾತಾಡದಿದ್ದರೂ ಪರವಾಗಿಲ್ಲ. ಹೆಸರು ಬೇಡ ಅಂದರೆ ಬೇಡ.

ಚಿಕ್ಕಪ್ಪನ ಮಗನಿಗೆ ಈ ವಾರವೇ ಫೋನ್ ಮಾಡಿ, ನಮ್ಕಾ ಚುವಿನಲ್ಲಿ ಏನಾಯಿತು ಅಂತ ಹೇಳಿ. ಅವನು ಮನೆಗೆ ಬಂದು, ದೊಡ್ಡಪ್ಪನ ಪಕ್ಕದಲ್ಲಿ ಕೂತು ಊಟ ಮಾಡಿ ಹೋಗಲಿ.