ಗುಳಿಗೆ ತಗೊಂಡರೂ ರಕ್ತ ಯಾಕೆ ಏರ್ತಿಲ್ಲ?
ಅಕ್ಕಾ, ತೂಕ ಇಳಿಸೋ ಬೈಪಾಸ್ ಆಪರೇಷನ್ ಆಗಿ ವರ್ಷವಾಯಿತು, ದಿನಾ ಕಬ್ಬಿಣದ ಗುಳಿಗೆ ತಗೊಂಡರೂ ಹಿಮೋಗ್ಲೋಬಿನ್ 9 ದಾಟ್ತಿಲ್ಲ ಅಂದಿದ್ದೀರಿ. ತಪ್ಪು ನಿಮ್ಮದಲ್ಲ. ಕಬ್ಬಿಣ ಜಾಸ್ತಿ ಹೀರೋದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದ ಮೇಲೆ ಊಟ ಅದನ್ನು ಮುಟ್ಟದೆ ಮುಂದೆ ಹೋಗುತ್ತದೆ.

ರಾಯಚೂರಿನಲ್ಲಿರೋ ನನ್ನ ತಂಗಿಗೂ ಹೀಗೇ ಆಗಿತ್ತು. ಕಬ್ಬಿಣ ಕಡಿಮೆಯಾಗಿ ಉಗುರು ಚಮಚದ ಹಾಗೆ ಒಳಗೆ ಬಾಗಿದ್ದವು. ಬೆಳಿಗ್ಗೆ ನಾಲ್ಕು ಚಮಚ ಮಂಡಕ್ಕಿ ಒಗ್ಗರಣೆ, ಚಹಾ, ಜೊತೆಗೇ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ! ಚಹಾ, ಕ್ಯಾಲ್ಸಿಯಂ ಎರಡೂ ಕಬ್ಬಿಣಕ್ಕೆ ಅಡ್ಡಿ. 2 ಗಂಟೆಯಾದರೂ ಅಂತರ ಇಡಿ.

ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ಸರಿ ಇದೆ ಅಂತ ಸುಮ್ನೆ ಕೂರಬೇಡಿ. ಬೊಜ್ಜಿನಿಂದ ಬರೋ ಉರಿಯೂತ ಇದ್ದರೆ, ಕಬ್ಬಿಣ ಕಡಿಮೆ ಇದ್ದರೂ ಫೆರಿಟಿನ್ ಜಾಸ್ತಿ ತೋರಿಸಬಹುದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನಿನಲ್ಲಿ ಎಷ್ಟು ಕಬ್ಬಿಣ ತುಂಬಿದೆ ಅನ್ನೋ ಪರೀಕ್ಷೆ) ಕೂಡ ನೋಡಿಸಿ. ಗುಳಿಗೆ ಹತ್ತದಿದ್ದರೆ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ. ಈ ವಾರವೇ ಡಾಕ್ಟರನ್ನು ಕೇಳಿ ಅಕ್ಕಾ.